ವು ಲಾನ್‌ಗೆ ಪಗೋಡಾಕ್ಕೆ ಹೋಗಲಾ ಅಂತ ಕೇಳಿದ ತಮ್ಮನಿಗೆ

ದಾವಣಗೆರೆಯಿಂದ ವಿಯೆಟ್ನಾಮಿನ ಸಾಯ್ಗಾನಿಗೆ ಬಂದು ಎರಡು ತಿಂಗಳಾಯಿತು, ಆಫೀಸಿನವರು ವು ಲಾನ್ ಹಬ್ಬಕ್ಕೆ ಪಗೋಡಾಕ್ಕೆ ಕರೆಯುತ್ತಿದ್ದಾರೆ, ಹೋಗಬಹುದಾ, ಯಾವ ಪಗೋಡಾಕ್ಕೆ ಹೋಗಲಿ, ಅಮ್ಮ ಬೇರೆ ದೇವರ ಗುಡಿಗೆ ಯಾಕೆ ಅನ್ನುತ್ತಿದ್ದಾರೆ, ಏನು ಹಾಕಿಕೊಳ್ಳಬೇಕು, ದುಡ್ಡು ಎಷ್ಟು ಇಡಬೇಕು, ಊಟಕ್ಕೆ ಏನು ಮಾಡಲಿ, ಈ ತಿಂಗಳು ಬಾಡಿಗೆ ಮನೆ ಬದಲಿಸಬಹುದಾ ಅಂತ ಒಂದೇ ಉಸಿರಿಗೆ ಕೇಳಿದ್ದೀಯ. ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ತಾನೇ? ನಾನು ತಿಪಟೂರಿನವನು, ಇಲ್ಲಿಗೆ ಬಂದದ್ದು 2013ರ ಜೂನ್‌ನಲ್ಲಿ. ನಿನ್ನ ಪ್ರಶ್ನೆ ಓದಿದ ಮೇಲೆ ಅರ್ಧ ದಿನ ಕೆಲಸ ಸಾಗಲಿಲ್ಲ.

ಹೋಗು. ಸುಮ್ನೆ ಯೋಚನೆ ಮಾಡಬೇಡ.

ಅಮ್ಮನಿಗೆ ಹೀಗೆ ಹೇಳು. ಬೆನ್ ಥಾನ್ ಮಾರ್ಕೆಟ್ ಹತ್ತಿರ ನಮ್ಮ ಮಾರಿಯಮ್ಮನ ಗುಡಿ ಇದೆ, ನೂರು ವರ್ಷಕ್ಕೂ ಹಳೆಯದು, ತಮಿಳರು ಕಟ್ಟಿದ್ದು. ಅಲ್ಲಿ ಊದುಬತ್ತಿ ಹಿಡಿದು ನಿಂತವರಲ್ಲಿ ನಮ್ಮವರಿಗಿಂತ ಈ ಊರಿನವರೇ ಜಾಸ್ತಿ. ಗುಡಿಯ ಹಿಂದಿನ ಕಲ್ಲುಗೋಡೆಗೆ ಹಣೆ ಒತ್ತಿ ಪಿಸುಪಿಸು ಅಂತ ಬೇಡಿಕೊಳ್ಳುತ್ತಾರೆ. ನಿಮ್ಮ ದೇವರು ಯಾವುದು ಅಂತ ಮಾರಮ್ಮ ಅವರನ್ನು ಕೇಳಿಲ್ಲ. ಬುದ್ಧನೂ ನಿನ್ನನ್ನು ಕೇಳುವುದಿಲ್ಲ. ಇಲ್ಲಿನವರ ಮಾತಿನಲ್ಲಿ ಪಗೋಡಾ ಅಂದರೆ ಚುವಾ. ಅಲ್ಲಿ ಎಲ್ಲರ ಬಾಯಲ್ಲೂ ‘ನಾಮ್ ಮೋ’ ಅಂತ ಕೇಳುತ್ತದೆ, ಅದು ನಮ್ಮ ‘ನಮೋ’ನೇ.

ಹಬ್ಬ ಏನು ಅಂತ ಎರಡು ಮಾತು. ಅವರ ಚಾಂದ್ರಮಾನ ಏಳನೇ ತಿಂಗಳ ಹದಿನೈದು, ಅಂದರೆ ಹುಣ್ಣಿಮೆ. ಈ ವರ್ಷ, 2026ರಲ್ಲಿ, ಆಗಸ್ಟ್ 27, ಗುರುವಾರ ಬರುತ್ತದೆ. ಹೆಚ್ಚುಕಮ್ಮಿ ನಮ್ಮ ನೂಲ ಹುಣ್ಣಿಮೆ. ಅಧಿಕ ಮಾಸದ ಲೆಕ್ಕ ಅವರದು ಬೇರೆ, ಹಾಗಾಗಿ ಕೆಲವು ವರ್ಷ ಒಂದು ತಿಂಗಳು ಆಚೆ ಹೋಗುತ್ತದೆ. ಕಳೆದ ವರ್ಷ ಸೆಪ್ಟೆಂಬರ್ 6ಕ್ಕೆ ಬಂದಿತ್ತು, ಅದರ ಹಿಂದೆಯೇ ನಮ್ಮ ಪಿತೃಪಕ್ಷ. ವು ಲಾನ್ ಅನ್ನುವುದು ಉಲ್ಲಂಬನ ಅನ್ನುವ ಸಂಸ್ಕೃತ ಹೆಸರು ಚೀನಾ ಸುತ್ತಿ ಬಂದು ಸವೆದಿದ್ದು. ಬುದ್ಧನ ಶಿಷ್ಯ ಮೌದ್ಗಲ್ಯಾಯನನಿಗೆ ಸತ್ತ ತಾಯಿ ಪ್ರೇತಲೋಕದಲ್ಲಿ ಹಸಿದು ಬಳಲುವುದು ಕಾಣುತ್ತದೆ. ಒಂದು ಬಟ್ಟಲು ಅನ್ನ ಕೊಡುತ್ತಾನೆ. ಬಾಯಿಗೆ ಹೋಗುವಷ್ಟರಲ್ಲಿ ಅನ್ನ ಕೆಂಡವಾಗುತ್ತದೆ. ನಿನ್ನೊಬ್ಬನಿಂದ ಆಗಲ್ಲ, ಮಳೆಗಾಲದ ವ್ರತ ಮುಗಿಸಿ ಬರುವ ಭಿಕ್ಷುಗಳಿಗೆಲ್ಲ ಈ ದಿನ ದಾನ ಮಾಡು ಅಂತ ಬುದ್ಧ ಹೇಳುತ್ತಾನೆ. ನಮ್ಮ ಸ್ವಾಮಿಗಳ ಚಾತುರ್ಮಾಸ್ಯ ನೋಡಿದವನಿಗೆ ಇದಕ್ಕಿಂತ ಜಾಸ್ತಿ ವಿವರಿಸಬೇಕಿಲ್ಲ.

ಅದೇ ದಿನ ಅನಾಥ ಪ್ರೇತಗಳಿಗೂ ಎಡೆ ಇಡುತ್ತಾರೆ. ಅದು ಮನೆಯೊಳಗಲ್ಲ, ಬಾಗಿಲ ಮುಂದೆ, ಫುಟ್‌ಪಾತ್ ಮೇಲೆ. ತೆಳ್ಳನೆ ಗಂಜಿ, ಅಕ್ಕಿ, ಉಪ್ಪು, ಗೆಣಸು, ಕಬ್ಬಿನ ತುಂಡು, ಮಿಠಾಯಿ, ಚಿಲ್ಲರೆ ನೋಟು. ಪೂಜೆ ಮುಗಿದ ಮೇಲೆ ಅಕ್ಕಿ ಉಪ್ಪು ರಸ್ತೆಗೆ ಎರಚುತ್ತಾರೆ, ಮಿಠಾಯಿ ದುಡ್ಡಿಗೆ ಹುಡುಗರು ಮುಗಿಬೀಳುತ್ತಾರೆ. ತಗಡಿನ ಡಬ್ಬದಲ್ಲಿ ಕಾಗದದ ಡಾಲರು, ಕಾಗದದ ಬೈಕು, ಕಾಗದದ ಐಫೋನ್ ಸುಡುತ್ತಾರೆ. ಇದನ್ನು ಬಿಡಿ ಅಂತ ಇಲ್ಲಿನ ಬೌದ್ಧ ಸಂಘ 2018ರಲ್ಲೇ ಪಗೋಡಾಗಳಿಗೆ ಹೇಳಿದೆ, ಬೀದಿಯಲ್ಲಿ ಯಾರು ಕೇಳುತ್ತಾರೆ. ನೀನು ಎಡೆ ದಾಟಬೇಡ, ಪಕ್ಕಕ್ಕೆ ಸರಿದು ಹೋಗು. ನಮ್ಮೂರಲ್ಲಿ ಮೂರು ದಾರಿ ಸೇರುವ ಕಡೆ ನಿಂಬೆಹಣ್ಣು ಬಿದ್ದಿದ್ದರೆ ಹೇಗೆ ಹೋಗುತ್ತೀಯೋ ಹಾಗೆ.

ಮನೆ ಬದಲಿಸುವ ವಿಷಯ: ಈ ತಿಂಗಳು ಅವರಿಗೆ ಪಿತೃಪಕ್ಷ ಇದ್ದ ಹಾಗೆ. ಮದುವೆ, ಮನೆ, ಗಾಡಿ, ಯಾವುದನ್ನೂ ಬಹಳ ಜನ ಮುಟ್ಟಲ್ಲ. ನಿನಗೆ ನಂಬಿಕೆ ಇಲ್ಲ ಅಂದರೆ ಚೌಕಾಸಿಗೆ ಒಳ್ಳೆಯ ಕಾಲ. ಅಷ್ಟೇ.

ಬಟ್ಟೆ: ಪ್ಯಾಂಟು, ತೋಳಿರುವ ಅಂಗಿ. ಚಡ್ಡಿ ಬೇಡ. ಮೂರು ಬಾಗಿಲ ಮಹಾದ್ವಾರ ಇದ್ದರೆ ನಡುವಿನದರಲ್ಲಿ ನುಗ್ಗಬೇಡ, ಬಲಗಡೆಯದರಲ್ಲಿ ಒಳಗೆ ಹೋಗಿ ಎಡಗಡೆಯದರಲ್ಲಿ ಹೊರಗೆ ಬಾ. ಹೊಸಿಲು ತುಳಿಯಬಾರದು ಅಂತ ನಿನಗೆ ನಾನು ಹೇಳಬೇಕಾ. ದುಡ್ಡು ಎಷ್ಟಾದರೂ ಸರಿ, ಹುಂಡಿಗೆ ಹಾಕು, ಬುದ್ಧನ ಕೈಯಲ್ಲಿ ಸಿಕ್ಕಿಸಬೇಡ. ಗೇಟಿನ ಮುಂದೆ ಪಂಜರದಲ್ಲಿ ಗುಬ್ಬಚ್ಚಿ ಇಟ್ಟುಕೊಂಡು ಬಿಡಿಸಿ ಪುಣ್ಯ ಕಟ್ಟಿಕೊಳ್ಳಿ ಅನ್ನುತ್ತಾರೆ. ತಗೋಬೇಡ. ಬಿಟ್ಟ ಹಕ್ಕಿಯನ್ನೇ ಮತ್ತೆ ಹಿಡಿದು ಮಾರುತ್ತಾರೆ, ಪಾಪ, ಅವಕ್ಕೆ ದೂರ ಹಾರುವ ಶಕ್ತಿಯೂ ಇರಲ್ಲ. ಕೆಲವು ಪಗೋಡಾಗಳಲ್ಲಿ ಸತ್ತವರ ಪುಟ್ಟ ಫೋಟೋಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಹಿಂದೆ ಬೂದಿಯ ಕುಡಿಕೆ. ಅಲ್ಲಿ ಮೊಬೈಲ್ ಎತ್ತಬೇಡ.

ಊಟದ ಚಿಂತೆ ಆ ದಿನ ಇಲ್ಲವೇ ಇಲ್ಲ. ‘ಆನ್ ಚಾಯ್’ ಅನ್ನುವುದನ್ನು ಕಲಿತುಕೋ, ಸಸ್ಯಾಹಾರ ಅಂತ. ಹುಣ್ಣಿಮೆ, ಅಮಾವಾಸ್ಯೆಯ ಮಾರನೇ ದಿನ, ಎರಡಕ್ಕೂ ಊರಿನ ಅರ್ಧ ಜನ ಚಾಯ್ ತಿನ್ನುತ್ತಾರೆ, ಮೀನಿನ ಸಾರ ಕೂಡ ಇರಲ್ಲ. ಮೊದಲ ಸಲ ತಟ್ಟೆಯಲ್ಲಿ ಕೋಳಿ ಕಾಲು ಬಂತು ಅಂತ ನಾನು ಎದ್ದು ನಿಂತುಬಿಟ್ಟಿದ್ದೆ. ಸೋಯಾ ಅದು, ಮೂಳೆಯ ಜಾಗದಲ್ಲಿ ಮಜ್ಜಿಗೆಹುಲ್ಲಿನ ಕಡ್ಡಿ ಚುಚ್ಚಿದ್ದರು.

ಈಗ ಹೂವಿನ ವಿಷಯ. ನೀನು ಅದನ್ನು ಕೇಳೇ ಇಲ್ಲ, ನಾನು ಹೇಳಬೇಕಾದದ್ದು ಅದೇ.

ಬಾಗಿಲಲ್ಲಿ ಬೂದು ಬಣ್ಣದ ಅಂಗಿ ಹಾಕಿದ ಹುಡುಗಿಯರು ಬುಟ್ಟಿ ಹಿಡಿದು ನಿಂತಿರುತ್ತಾರೆ. ಬುಟ್ಟಿಯಲ್ಲಿ ಗುಲಾಬಿ. ತಾಯಿ ಬದುಕಿದ್ದರೆ ಕೆಂಪು, ಇಲ್ಲದಿದ್ದರೆ ಬಿಳಿ. ಎದೆಯ ಎಡಗಡೆ ಪಿನ್ ಹಾಕುತ್ತಾರೆ. ಹೂವಿನ ಪದ್ಧತಿ ಹಳೆಯದಲ್ಲ. ಜಪಾನಿನಲ್ಲಿ ತಾಯಂದಿರ ದಿನಕ್ಕೆ ಹೂ ಮುಡಿಸುವುದನ್ನು ನೋಡಿದ್ದ ಇಲ್ಲಿನ ಬೌದ್ಧ ಭಿಕ್ಷು ಥಿಚ್ ನಾತ್ ಹಾನ್ 1962ರಲ್ಲಿ ಅದರ ಬಗ್ಗೆ ಬರೆದರು, ಅಲ್ಲಿಂದ ಹಬ್ಬಿತು. ಈಗ ಹೂವಿಲ್ಲದ ವು ಲಾನ್ ಇಲ್ಲ.

2013ರಲ್ಲಿ ಹಬ್ಬ ಆಗಸ್ಟ್ 21, ಬುಧವಾರ ಬಂದಿತ್ತು. ಆಫೀಸಿಗೆ ಹೋಗುವ ಮುಂಚೆ ಸುಮ್ನೆ ನೋಡಿ ಬರೋಣ ಅಂತ ವಿನ್ ನ್ಯೀಮ್ ಪಗೋಡಾಕ್ಕೆ ಹೋದೆ. ಡಿಸ್ಟ್ರಿಕ್ಟ್ 3ರಲ್ಲಿ, ನೀನು ಏರ್‌ಪೋರ್ಟಿನಿಂದ ಊರೊಳಗೆ ಬರುವಾಗ ನೋಡಿರುತ್ತೀಯ, ಏಳು ಅಂತಸ್ತಿನ ಗೋಪುರ. (ಕಳೆದ ವರ್ಷ ಜುಲೈಯಿಂದ ಡಿಸ್ಟ್ರಿಕ್ಟ್‌ಗಳನ್ನೇ ತೆಗೆದುಹಾಕಿದ್ದಾರೆ, ಬಾಯಿಗೆ ಇನ್ನೂ ಅದೇ ಬರುತ್ತದೆ.) ಆಗ ನನಗೆ ಬರುತ್ತಿದ್ದ ವಿಯೆಟ್ನಾಮಿ ಮಾತು ಮೂರು. ಅದರಲ್ಲಿ ಒಂದು ‘ಖೋಂ’. ಬೇಡ, ಇಲ್ಲ ಅಂತ. ಕನ್ನಡಕ, ಲಾಟರಿ ಟಿಕೆಟ್ ಮಾರುವವರು ಹತ್ತಿರ ಬಂದರೆ ‘ಖೋಂ ಖೋಂ’ ಅಂತ ಕೈ ಆಡಿಸಿ ಮುಂದೆ ಹೋಗುತ್ತಿದ್ದೆ. ಬುಟ್ಟಿಯ ಹುಡುಗಿ ನನ್ನ ಮುಖ ನೋಡಿ ‘ಕೋನ್ ಮಾ ಖೋಂ?’ ಅಂದಳು. ಹೂ ಮಾರುತ್ತಿದ್ದಾಳೆ ಅಂದುಕೊಂಡೆ. ‘ಖೋಂ, ಖೋಂ’ ಅಂದೆ. ಅವಳ ಮುಖ ಸಣ್ಣಗಾಯಿತು. ಎರಡೂ ಕೈಯಲ್ಲಿ ಒಂದು ಬಿಳಿ ಗುಲಾಬಿ ತೆಗೆದು ನನ್ನ ಅಂಗಿಗೆ ಚುಚ್ಚಿ ತಲೆಬಾಗಿದಳು. ದುಡ್ಡು ತಗೊಳ್ಳಲಿಲ್ಲ.

ನಾನು ಹಾಗೆಯೇ ಆಫೀಸಿಗೆ ಹೋದೆ. ಆ ದಿನದಷ್ಟು ಮರ್ಯಾದೆ ನನಗೆ ಇಲ್ಲಿ ಮತ್ತೆ ಸಿಕ್ಕಿಲ್ಲ. ಕಸ ಗುಡಿಸುವ ಹೆಂಗಸು ನನ್ನ ಮೊಣಕೈ ಮುಟ್ಟಿ ಒಂದು ಬನ್ ಕೊಟ್ಟಳು. ಮ್ಯಾನೇಜರ್ ಬೇಗ ಮನೆಗೆ ಹೋಗು ಅಂದ. ಎಷ್ಟು ಒಳ್ಳೆಯ ಜನ ಅಂತ ಖುಷಿಪಟ್ಟೆ. ಸಂಜೆ ಪಕ್ಕದ ಸೀಟಿನವಳು ಮೆಲ್ಲಗೆ ಕೇಳಿದಳು, ನಿಮ್ಮ ತಾಯಿ ಹೋಗಿ ಎಷ್ಟು ವರ್ಷವಾಯಿತು? ಯಾರ ತಾಯಿ, ಬೆಳಿಗ್ಗೆ ತಾನೇ ಮಾತಾಡಿದೆನಲ್ಲಾ ಅಂದೆ. ‘ಕೋನ್ ಮಾ ಖೋಂ’ ಅಂದರೆ ‘ತಾಯಿ ಇದ್ದಾರಾ, ಇಲ್ವಾ’ ಅಂತ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೆದರಿ ಹೆದರಿ ಹೇಳಿದೆ. ಅವಳು ನಕ್ಕಿದ್ದೇ ನಕ್ಕಿದ್ದು. “ಬಿಡೋ, ಬದುಕಿರೋರನ್ನ ಸತ್ತರು ಅಂದ್ರೆ ಆಯಸ್ಸು ಗಟ್ಟಿ ಆಗುತ್ತಂತೆ” ಅಂದಳು. ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಳಂತೆ, ನನ್ನ ಮಗ ನನ್ನನ್ನ ಸಾಯಿಸಿಬಿಟ್ಟ ಅಂತ. ಆಮೇಲೆ ಪ್ರತಿ ಶ್ರಾವಣ ಅವಳದೇ ಫೋನ್. “ಈ ಸಲ ಯಾವ ಹೂವೋ?” “ಕೆಂಪೇ ಕಣಮ್ಮ.” “ಆ ಹುಡುಗೀನೇ ಕೊಟ್ಳಾ?” ಅವಳಿಗೆ ಆ ಹುಡುಗಿಯನ್ನು ನೋಡಬೇಕಿತ್ತು. ಹೂ ಕೊಡೋ ದೇವಸ್ಥಾನ ನೋಡಬೇಕಿತ್ತು. 2018ರಲ್ಲಿ ಊರಲ್ಲಿದ್ದ ನನ್ನ ತಮ್ಮನ ಕೈಯಲ್ಲಿ ಪಾಸ್‌ಪೋರ್ಟ್ ಮಾಡಿಸಿದೆ. ಫೋಟೋಕ್ಕೆ ಅಂತ ಹೊಸ ಸೀರೆ ಉಟ್ಟಿದ್ದಳು, ಫೋಟೋದಲ್ಲಿ ಕಾಣುವುದು ಸೆರಗಿನ ಎರಡು ಬೆರಳು ಅಂಚು.

ಕರೆಸಲಿಲ್ಲ. ಆ ವರ್ಷ ಪ್ರಾಜೆಕ್ಟ್ ಇತ್ತು. 2019ರಲ್ಲಿ ಮನೆ ಚಿಕ್ಕದು ಅಂತ ಬೇರೆ ಹುಡುಕುತ್ತಿದ್ದೆ. ಇಲ್ಲಿನ ಹೊಸ ವರ್ಷ ಮುಗಿದ ಮೇಲೆ ಕರೆಸುತ್ತೇನೆ ಅಂದೆ. 2020ರ ಮಾರ್ಚ್‌ನಲ್ಲಿ ವಿಯೆಟ್ನಾಂ ಹೊರಗಿನವರಿಗೆ ಬಾಗಿಲು ಹಾಕಿತು. 2021ರ ಮೇ ತಿಂಗಳಲ್ಲಿ, ನಮ್ಮ ಕಡೆ ಎರಡನೇ ಅಲೆ ಅಂದರಲ್ಲ ಆಗ, ಅವಳು ಹೋದಳು. ಒಂಬತ್ತು ದಿನ ಆಸ್ಪತ್ರೆ. ನಾನು ಹೋಗುವ ಹಾಗಿರಲಿಲ್ಲ. ಹೋಗುವ ಹಾಗಿದ್ದಿದ್ದರೆ ಹೋಗುತ್ತಿದ್ದೆನಾ, ಮತ್ತೆ ಒಳಗೆ ಬಿಡದಿದ್ದರೆ ಕೆಲಸದ ಗತಿ ಏನು ಅಂತ ಲೆಕ್ಕ ಹಾಕುತ್ತಿದ್ದೆನಾ, ಇದನ್ನು ನಾನು ನನ್ನ ಹೆಂಡತಿಯ ಹತ್ತಿರವೂ ಮಾತಾಡಿಲ್ಲ. ಬಾಯಿಗೆ ನೀರು ಬಿಟ್ಟವನು ತಮ್ಮ. ತಿಥಿ ನಾನು ಮೊಬೈಲಿನಲ್ಲಿ ನೋಡಿದೆ, ನಡುವೆ ಎರಡು ಸಲ ನೆಟ್ ಹೋಯಿತು.

ಆ ವರ್ಷ ವು ಲಾನ್ ಆಗಸ್ಟ್ 22, ಭಾನುವಾರ. ಪಗೋಡಾ ಮುಚ್ಚಿತ್ತು. ಊರೇ ಮುಚ್ಚಿತ್ತು. ಮಾರನೇ ದಿನದಿಂದ ಯಾರೂ ಮನೆ ಬಿಟ್ಟು ಕದಲುವ ಹಾಗಿಲ್ಲ, ಸಾಮಾನು ಸೈನಿಕರೇ ತಂದುಕೊಡುತ್ತಾರೆ ಅಂತ ಹೇಳಿದ್ದರು. ನಾವು ಆಗ ಫು ನ್ಯುವಾನ್‌ನ ಒಂದು ಗಲ್ಲಿಯಲ್ಲಿ ಮಹಡಿ ಮೇಲೆ ಇದ್ದೆವು, ಕೆಳಗೆ ಮನೆ ಓನರ್ ಅಜ್ಜಿ. ಬೆಳಿಗ್ಗೆ ಬಾಗಿಲು ತೆಗೆದರೆ ಚಿಲಕಕ್ಕೆ ಒಂದು ಪ್ಲಾಸ್ಟಿಕ್ ಚೀಲ ನೇತಾಡುತ್ತಿತ್ತು. ಒಳಗೆ ಒಂದು ಕಟ್ಟು ಸೊಪ್ಪು, ಮೂರು ಮೊಟ್ಟೆ (ನಾವು ತಿನ್ನಲ್ಲ ಅಂತ ಗೊತ್ತಿದ್ದೂ ಇಟ್ಟಿದ್ದಳು, ಆ ದಿನಗಳಲ್ಲಿ ಮೊಟ್ಟೆ ಅಂದರೆ ಚಿನ್ನ), ಮೇಲೆ ಒಂದು ಬಿಳಿ ಹೂ. ಹೋಟೆಲಿನಲ್ಲಿ ಕೈ ಒರೆಸಲು ಕೊಡುವ ತೆಳ್ಳನೆ ಕಾಗದ ಮಡಚಿ ಮಡಚಿ ಮಾಡಿದ್ದು, ಬುಡಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಪಿನ್ ಸಿಕ್ಕಿಸಿದ್ದಳು. ಮೇ ತಿಂಗಳಲ್ಲಿ ನಾನು ಅವಳಿಗೆ ಏನೂ ಹೇಳಿರಲಿಲ್ಲ. ಮೆಟ್ಟಿಲ ಮೇಲೆ ಅತ್ತಿದ್ದು ಕೇಳಿಸಿರಬೇಕು.

ಆ ಕಾಗದದ ಹೂ ಈಗ ಇಲ್ಲ. ಮನೆ ಬದಲಿಸುವಾಗ ಎಲ್ಲಿ ಹೋಯಿತೋ. ಪಾಸ್‌ಪೋರ್ಟ್ ಇದೆ, 2022ರಲ್ಲಿ ಊರಿಗೆ ಹೋದಾಗ ತಮ್ಮನಿಂದ ಇಸಿದುಕೊಂಡು ಬಂದೆ. ಒಂದು ಮುದ್ರೆಯೂ ಬಿದ್ದಿಲ್ಲ. ಅವಧಿ 2028ರವರೆಗೆ ಇದೆ.

ನಿನ್ನ ಅಮ್ಮನಿಗೆ ಪಾಸ್‌ಪೋರ್ಟ್ ಇದೆಯಾ? ಇಲ್ಲದಿದ್ದರೆ ಈ ವಾರವೇ ಅರ್ಜಿ ಹಾಕಿಸು. ಮನೆ ಚಿಕ್ಕದಾದರೆ ಚಿಕ್ಕದು, ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗು. ಬೇರೆ ದೇವರ ಗುಡಿ ಅನ್ನುತ್ತಾರಲ್ಲ, ಬಂದು ನೋಡಿ ಬೈಯಲಿ.

ಯಾವ ಪಗೋಡಾ ಅಂತ ಕೇಳಿದ್ದೀಯ. ಹಳೆಯದೇ ಬೇಕಾದರೆ ಯಾಕ್ ಲಾಮ್, 1744ರದ್ದು. ಸಾ ಲೋಯ್ ಕೂಡ ಚೆನ್ನ, 1963ರ ಗಲಾಟೆಯ ಕಥೆ ನಿನ್ನ ಆಫೀಸಿನವರೇ ಹೇಳುತ್ತಾರೆ. ನಾನು ಹೋಗುವುದು ವಿನ್ ನ್ಯೀಮ್‌ಗೇ, ಅದು ಕಟ್ಟಿ ಮುಗಿದದ್ದೇ 1971ರಲ್ಲಿ, ಶಿಲ್ಪ ಅಂತ ನೋಡಿದರೆ ದೊಡ್ಡದೇನಿಲ್ಲ. ಸಂಜೆ ಹೋಗಬೇಡ, ಬೈಕ್ ನಿಲ್ಲಿಸಲೂ ಜಾಗ ಸಿಗಲ್ಲ. ಬೆಳಿಗ್ಗೆ ಆರೂವರೆಗೆ ಬಾ. ಜಪಾನಿನವರು ಕೊಟ್ಟ ಗಂಟೆ ಇದೆ, ಅದರ ಹತ್ತಿರ ನಿಂತಿರುತ್ತೇನೆ. ಹುಡುಗಿ ಕೇಳಿದಾಗ ‘ಖೋಂ’ ಅನ್ನಬೇಡ, ‘ಕೋನ್’ ಅನ್ನು. ಇದ್ದಾರೆ ಅಂತ. ನನ್ನ ಹತ್ತಿರ ಬಿಳಿ ಇರುತ್ತದೆ ಅಂತ ನೀನು ಸಂಕೋಚ ಪಟ್ಟುಕೊಂಡು ಕೆಂಪನ್ನು ಜೇಬಿಗೆ ಹಾಕಬೇಡ, ಮೊದಲ ವರ್ಷ ಬಂದ ಹುಡುಗರು ಹಾಗೆ ಮಾಡುತ್ತಾರೆ, ನನಗೆ ಅದೇ ಹಿಂಸೆ.

ಆಮೇಲೆ ಎದುರಿನ ಗಲ್ಲಿಯಲ್ಲಿ ಕಾಫಿ ಕುಡಿಯೋಣ. ಊರಿಂದ ತಂದ ಚಟ್ನಿಪುಡಿ ಉಳಿದಿದ್ದರೆ ಒಂದು ಚೂರು ಕಟ್ಟಿಕೊಂಡು ಬಾ.