‘ಭೂಮಿಯ ತಕ್ಕಡಿ’ ಲೇಖನದ ಬಗ್ಗೆ

ನಮಸ್ಕಾರ,

ಐಸ್‌ಲ್ಯಾಂಡಿನ ಥೇಸ್ತಾರೇಕಿರ್ ಭೂಶಾಖ ವಿದ್ಯುತ್ ಸ್ಥಾವರದ ಅಡಿಯಲ್ಲಿರುವ ಬಿಸಿನೀರಿನ ಮೇಲೆ 2017ರಿಂದ ಗುರುತ್ವಮಾಪಕಗಳು ಹೇಗೆ ಕಣ್ಣಿಟ್ಟಿವೆ ಎಂಬ ನಿಮ್ಮ ಲೇಖನ ಓದಿದೆ. ವಿಷಯ ಒಳ್ಳೆಯದು. ಬರಹ ಮಾತ್ರ ಈಗಿರುವಂತೆ ಪ್ರಕಟಣೆಗೆ ಒದಗದು.

ನ್ಯೂಟನ್ನನ ಸೇಬಿನ ಎರಡು ಪ್ಯಾರಾ ತೆಗೆದುಬಿಡಿ. ಮಾಪಕದೊಳಗೆ ದ್ರವ ಹೀಲಿಯಂನ ತಂಪಿನಲ್ಲಿ, ಕಾಂತಕ್ಷೇತ್ರದ ಮೇಲೆ ತೇಲುವ ನಿಯೋಬಿಯಂ ಲೋಹದ ಗೋಲಿಯ ವಿವರಣೆ ಚೊಕ್ಕವಾಗಿದೆ, ಮುಟ್ಟಬೇಡಿ.

ಎಡವಟ್ಟಾಗಿರುವುದು ನಾಲ್ಕನೇ ಪುಟದಲ್ಲಿ. ‘ಗುರುತ್ವ 4 ಮೈಕ್ರೋಗ್ಯಾಲ್ ಇಳಿದರೆ 10 ಸೆಂಟಿಮೀಟರ್ ನೀರು ಖಾಲಿ’ ಎಂದಿದ್ದೀರಿ. (ಮೈಕ್ರೋಗ್ಯಾಲ್ ಅಂದರೆ ಗುರುತ್ವದ ನೂರು ಕೋಟಿಯಲ್ಲಿ ಒಂದು ಪಾಲು ಎಂದು ಎಲ್ಲಿಯೂ ಹೇಳಿಲ್ಲ.) ಬಯಲಲ್ಲಿ ಹರಡಿದ ನೀರಿನ ಪದರಕ್ಕೆ ಈ ಲೆಕ್ಕ ಸರಿ: ಮೀಟರಿಗೆ ಸುಮಾರು 42 ಮೈಕ್ರೋಗ್ಯಾಲ್. ಆದರೆ ನೀರು ಬಿಟ್ಟುಕೊಡುವ ಸಂದುಗಳು ಶೇ 10ರಷ್ಟಿರುವ ಬಂಡೆಯಲ್ಲಿ ಅದೇ 4 ಮೈಕ್ರೋಗ್ಯಾಲ್‌ಗೆ ನೀರಿನ ಮಟ್ಟ ಒಂದು ಮೀಟರ್ ಇಳಿಯಬೇಕು. ಅದೂ ಉಳಿದದ್ದೆಲ್ಲ ಸುಮ್ಮನಿದ್ದರೆ. ವಾಯುಭಾರ 10 ಹೆಕ್ಟೋಪ್ಯಾಸ್ಕಲ್ ಏರಿದರೆ ಗುರುತ್ವ ಸುಮಾರು 3 ಮೈಕ್ರೋಗ್ಯಾಲ್ ಇಳಿಯುತ್ತದೆ, ತಲೆಯ ಮೇಲಿನ ಗಾಳಿ ಗೋಲಿಯನ್ನು ಮೇಲಕ್ಕೆ ಸೆಳೆಯುವುದರಿಂದ. ನೆಲ 1 ಸೆಂಟಿಮೀಟರ್ ಕುಸಿದರೆ ಸುಮಾರು 3 ಏರುತ್ತದೆ. ಸೂರ್ಯ-ಚಂದ್ರರ ಸೆಳೆತವಂತೂ ಒಂದೇ ದಿನದಲ್ಲಿ ನೂರಕ್ಕೂ ಹೆಚ್ಚು ಮೈಕ್ರೋಗ್ಯಾಲ್ ಆಚೀಚೆ ಮಾಡಬಲ್ಲದು.

ಹಾಗಾಗಿ ಇವನ್ನೆಲ್ಲ ಅಳತೆಯಿಂದ ಕಳೆಯುವ ಕೆಲಸವನ್ನೇ ಬರೆಯಿರಿ. ಸೂರ್ಯ-ಚಂದ್ರರ ಈ ಉಬ್ಬರವಿಳಿತವನ್ನು ಗಣಿತ ಮಾದರಿಯಿಂದ, ಗಾಳಿಯ ಪಾಲನ್ನು ಅದೇ ಕೋಣೆಯ ವಾಯುಭಾರ ಮಾಪಕದಿಂದ, ಭೂಅಕ್ಷದ ಓಲಾಟವನ್ನು ಪ್ರಕಟಿತ ದೈನಿಕ ಅಂಕಿಗಳಿಂದ ಕಳೆಯುತ್ತಾರೆ. ಉಪಕರಣ ತಾನೇ ವರ್ಷಕ್ಕೆ ಕೆಲವು ಮೈಕ್ರೋಗ್ಯಾಲ್ ಜಾರುವುದರಿಂದ, ಆಗಾಗ ಪಕ್ಕದಲ್ಲೇ ನಿರಪೇಕ್ಷ ಗುರುತ್ವಮಾಪಕ (ಏರಿಳಿತವನ್ನಷ್ಟೇ ಅಲ್ಲ, ಗುರುತ್ವದ ಪೂರ್ಣ ಮೌಲ್ಯವನ್ನೇ ಅಳೆಯುವಂಥದ್ದು) ಇಟ್ಟು ತಾಳೆ ನೋಡಬೇಕು. ನೆಲದ ಎತ್ತರಕ್ಕೆ ಜಿಪಿಎಸ್.

ಚಳಿಗಾಲದ ಇಳಿಕೆಯನ್ನು ಪೂರ್ತಿ ಸ್ಥಾವರದ ತಲೆಗೆ ಕಟ್ಟಿದ್ದೀರಿ. ಹಿಮವನ್ನು ಮರೆತಿರಿ! ಮಾಪಕದ ಕೋಣೆಯ ಚಾವಣಿ ಮೇಲೆ ಕೂತ ಹಿಮ ಗುರುತ್ವವನ್ನು ತಗ್ಗಿಸುತ್ತದೆ, ಮಾಪಕಕ್ಕಿಂತ ತಗ್ಗಿನ ಇಳಿಜಾರಿನಲ್ಲಿ ಬಿದ್ದದ್ದು ಹೆಚ್ಚಿಸುತ್ತದೆ. ಮೇಲಾಗಿ, ತೆಗೆದ ನೀರಿನ ಒಂದಷ್ಟು ಪಾಲು ಮರುಪೂರಣ ಬಾವಿಗಳ ಮೂಲಕ ನೆಲಕ್ಕೇ ಮರಳುತ್ತದೆ. ಒಂದೇ ಮಾಪಕದಿಂದ ಇದನ್ನೆಲ್ಲ ಬಿಡಿಸಲಾಗದು. ಆದ್ದರಿಂದಲೇ ಹಲವು ಮಾಪಕಗಳನ್ನಿಟ್ಟು ಅವುಗಳ ನಡುವಿನ ವ್ಯತ್ಯಾಸ ನೋಡುತ್ತಾರೆ.

ಅಂತರ್ಜಲ ಅಳೆಯಲು ಕೋಲಾರದಲ್ಲೂ ಇದನ್ನೇ ಅಳವಡಿಸಬೇಕೆಂಬ ಕೊನೆಯ ಕರೆ ಬೇಡ. ಅಲ್ಲಿನ ಗಟ್ಟಿ ಕಲ್ಲಿನಲ್ಲಿ ಸಂದು ಶೇ 2 ಎಂದುಕೊಂಡರೆ, ಮಟ್ಟ ಒಂದು ಮೀಟರ್ ಇಳಿದಾಗ ಸಿಗುವುದು 0.8 ಮೈಕ್ರೋಗ್ಯಾಲ್. ಬೋರ್‌ವೆಲ್ಲಿಗೆ ಅಳತೆ ಟೇಪ್ ಇಳಿಬಿಟ್ಟರೆ ಕೆಲಸ ಮುಗಿಯಿತು.

ತಿದ್ದಿದ ಪ್ರತಿಯೊಂದಿಗೆ ಎರಡು ನಕ್ಷೆ ಕಳಿಸಿ: ಕಚ್ಚಾ ಅಳತೆಯದೊಂದು, ಎಲ್ಲ ಕಳೆದು ಉಳಿದದ್ದರದೊಂದು. ಕಾಲದ ಅಕ್ಷ ಎರಡರಲ್ಲೂ ಒಂದೇ ಇರಲಿ. 1200 ಪದ ಮೀರಬೇಡಿ.

— ಸಂಪಾದಕ