ಪಾಸ್‌ವರ್ಡ್ ತಾನಾಗಿ ಬರದಿದ್ದರೆ ಮೊದಲು ವಿಳಾಸ ನೋಡಿ

ಪ್ರಶ್ನೆ: ಮಗ ನನ್ನ ಲ್ಯಾಪ್‌ಟಾಪಿನಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಟ್ಟಿದ್ದಾನೆ. ಬ್ಯಾಂಕಿನ ಪುಟ ತೆರೆದರೆ ಹೆಸರು, ಪಾಸ್‌ವರ್ಡ್ ಎರಡೂ ತಾನಾಗಿ ಬರುತ್ತಿದ್ದವು. ಈಗ ಅದೇ ಬ್ಯಾಂಕು, ಅದೇ ಬಣ್ಣ, ಆದರೆ ಎರಡೂ ಕಡೆ ಖಾಲಿ. ಕೇಳಿದರೆ "ಅಮ್ಮ, ಮ್ಯಾನೇಜರ್‌ನಿಂದ ಕಾಪಿ ಮಾಡಿ ಪೇಸ್ಟ್ ಮಾಡು, ಅಷ್ಟೇ" ಅನ್ನುತ್ತಾನೆ. ಮಾಡಬಹುದಾ?
(ಓದುಗರೊಬ್ಬರು, ಡೊಂಬಿವಲಿ)

ಉತ್ತರ: ಮಾಡಬೇಡಿ. ಯಾಕೆ ಖಾಲಿ ಬಂತು ಅಂತ ಗೊತ್ತಾಗುವ ತನಕವಂತೂ ಬೇಡವೇ ಬೇಡ. ಬಣ್ಣ, ಲೋಗೋ, ಪುಟದ ಚಂದ ಇವನ್ನೆಲ್ಲ ನೋಡಿ ನಂಬುವುದು ನಾವು. ಮ್ಯಾನೇಜರ್ ನೋಡುವುದು ವಿಳಾಸ ಮಾತ್ರ. ಪಾಸ್‌ವರ್ಡ್ ಉಳಿಸಿದ ದಿನ ಯಾವ ವಿಳಾಸ ಇತ್ತೋ ಅದನ್ನು ಜೊತೆಗೇ ಬರೆದಿಟ್ಟುಕೊಂಡಿರುತ್ತದೆ, ಈಗ ತೆರೆದಿರುವ ಪುಟದ ವಿಳಾಸ ಅದಕ್ಕೆ ಹೊಂದದಿದ್ದರೆ ಸುಮ್ನೆ ಕೂರುತ್ತದೆ. ನಕಲಿ ಪುಟ ಮಾಡುವವನು ಬ್ಯಾಂಕಿನ ಪುಟವನ್ನು ಅಚ್ಚು ಹಾಕಿದ ಹಾಗೆ ಮಾಡಬಲ್ಲ, ವಿಳಾಸವನ್ನು ಮಾತ್ರ ಕದಿಯಲಾರ. ನೀವು ಕಾಪಿ ಮಾಡಿ ಪೇಸ್ಟ್ ಮಾಡಿದರೆ ಆ ತಪಾಸಣೆಯೇ ತಪ್ಪಿಹೋಗುತ್ತದೆ. ಮ್ಯಾನೇಜರ್ ಒಳಗೆ ಹುಡುಕಿ, ಬಲವಂತವಾಗಿ 'ತುಂಬು' ಅಂತ ಒತ್ತಿದರೂ ಅದೇ ಕಥೆ.

ಆದರೆ ಗಾಬರಿ ಬೇಡ, ನಿಮ್ಮ ವಿಷಯದಲ್ಲಿ ಒಳ್ಳೆಯ ಕಾರಣವೇ ಇರಬಹುದು. ನಮ್ಮ ಮುಂಬಯಿಯ ಫೋರ್ಟ್‌ನಲ್ಲಿರುವ ರಿಸರ್ವ್ ಬ್ಯಾಂಕು 2025ರ ಏಪ್ರಿಲ್‌ನಲ್ಲಿ ಎಲ್ಲ ಬ್ಯಾಂಕುಗಳಿಗೂ ಒಂದು ಸೂಚನೆ ಕೊಟ್ಟಿತು: ಅಕ್ಟೋಬರ್ 31ರೊಳಗೆ ನಿಮ್ಮ ವೆಬ್‌ಸೈಟ್ ವಿಳಾಸವನ್ನು 'ಬ್ಯಾಂಕ್.ಇನ್' ಅಂತ ಮುಗಿಯುವ ಹಾಗೆ ಬದಲಾಯಿಸಿ ಅಂತ. ಈ ವಿಳಾಸಗಳನ್ನು ಹಂಚುವುದು ರಿಸರ್ವ್ ಬ್ಯಾಂಕೇ ಕಟ್ಟಿದ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ ಒಂದೇ. ಕಂಡವರಿಗೆಲ್ಲ ಅದು ಸಿಗುವುದಿಲ್ಲ. ಮೋಸ ಕಡಿಮೆ ಮಾಡಲು ತಂದ ಒಳ್ಳೆಯ ಕ್ರಮ ಇದು. ಆದರೆ ನಿಮ್ಮ ಮ್ಯಾನೇಜರ್‌ಗೆ ಈ ಸುದ್ದಿ ಗೊತ್ತಿಲ್ಲ ಅಲ್ವಾ? ಅದರ ಹತ್ತಿರ ಇರುವುದು ಹಳೆಯ ವಿಳಾಸ, ಹಾಗಾಗಿ ಹೊಸದನ್ನು ಅಪರಿಚಿತ ಅಂತಲೇ ಎಣಿಸುತ್ತದೆ. ಎಣಿಸಲೇಬೇಕು.

ಹಾಗಾಗಿ ಹೀಗೆ ಮಾಡಿ. ಎಸ್ಸೆಮ್ಮೆಸ್‌ನಲ್ಲೋ ವಾಟ್ಸಾಪ್‌ನಲ್ಲೋ 'ನಮ್ಮ ವಿಳಾಸ ಬದಲಾಗಿದೆ, ಇಲ್ಲಿ ಒತ್ತಿ' ಅಂತ ಬಂದ ಲಿಂಕ್ ಮುಟ್ಟಬೇಡಿ, ಈ ಬದಲಾವಣೆಯ ನೆಪದಲ್ಲೇ ಮೋಸ ಮಾಡುವುದು ಬಹಳ ಸುಲಭ. ನಿಮ್ಮ ಶಾಖೆಗೆ ಹೋಗಿ ಕೇಳಿ, ಇಲ್ಲವೇ ಡೆಬಿಟ್ ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಿ ಹೊಸ ವಿಳಾಸ ಬರೆದುಕೊಳ್ಳಿ. ಅದನ್ನು ಕೈಯಾರೆ ಟೈಪ್ ಮಾಡಿ ತೆರೆಯಿರಿ. ಸರಿ ಅನ್ನಿಸಿದ ಮೇಲೆ ಮ್ಯಾನೇಜರ್‌ನಲ್ಲಿ ಹಳೆಯ ದಾಖಲೆಯನ್ನೇ ತೆರೆದು ವೆಬ್‌ಸೈಟ್ ಅನ್ನುವ ಜಾಗದಲ್ಲಿ ಹೊಸ ವಿಳಾಸ ಸೇರಿಸಿ. ಮುಂದಿನ ಸಲದಿಂದ ಮತ್ತೆ ತಾನಾಗಿ ಬರುತ್ತದೆ. ಬ್ಯಾಂಕು ಪೂರ್ತಿ ಹೊಸ ವಿಳಾಸಕ್ಕೆ ಹೋದ ಮೇಲೆ ಹಳೆಯದನ್ನು ಅಳಿಸಿಬಿಡಿ. ಬಿಟ್ಟುಹೋದ ವಿಳಾಸವನ್ನು ಮುಂದೊಂದು ದಿನ ಬೇರೆ ಯಾರಾದರೂ ಕೊಂಡರೆ, ನಿಮ್ಮ ಮ್ಯಾನೇಜರ್ ಅಲ್ಲಿಯೂ ಪಾಸ್‌ವರ್ಡ್ ಕೊಡಲು ತಯಾರಾಗಿರುತ್ತದೆ. ಇದನ್ನು ತುಂಬ ಜನ ಮರೆಯುತ್ತಾರೆ.

ಈಗಾಗಲೇ ಪೇಸ್ಟ್ ಮಾಡಿದ್ದು, ಪುಟದ ಮೇಲೆ ಅನುಮಾನ ಇದ್ದರೆ ತಡಮಾಡದೆ ಸರಿಯಾದ ವಿಳಾಸದಿಂದ ಪಾಸ್‌ವರ್ಡ್ ಬದಲಾಯಿಸಿ, ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿ.

ಪ್ರಶ್ನೆ: ನಮ್ಮದು ಮುಲುಂಡ್‌ನಲ್ಲಿ ಸಣ್ಣ ಹೋಟೆಲ್. ಜಿಎಸ್‌ಟಿ ಮೊದಲ ಪುಟದ ವಿಳಾಸ 'ಜಿಎಸ್‌ಟಿ.ಗವ್.ಇನ್', ಲಾಗಿನ್ ಆಗುವಾಗ ಮುಂದೆ 'ಸರ್ವೀಸಸ್' ಅಂತ ಸೇರಿಕೊಳ್ಳುತ್ತದೆ. ವಿಳಾಸ ಬೇರೆ ಆದರೂ ಪಾಸ್‌ವರ್ಡ್ ಬರುತ್ತದಲ್ಲ, ಅದು ಹೇಗೆ?
(ಹೋಟೆಲ್ ಮಾಲೀಕರು, ಮುಲುಂಡ್)

ಉತ್ತರ: ಒಳ್ಳೆಯ ಪ್ರಶ್ನೆ. ವಿಳಾಸದ ಯಾವ ಭಾಗವನ್ನು ಹೋಲಿಸಬೇಕು ಅನ್ನುವುದರಲ್ಲೇ ಎಲ್ಲ ಇದೆ. ವಿಳಾಸವನ್ನು ಬಲದಿಂದ ಎಡಕ್ಕೆ ಓದಬೇಕು, ಅದೂ ಶುರುವಿನ 'https://' ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಯ (/) ತನಕ ಇರುವ ಭಾಗವನ್ನು ಮಾತ್ರ. ಬಲತುದಿಯ ಹತ್ತಿರ ಇರುವ ಹೆಸರೇ ಯಜಮಾನನದು. ಅದರ ಎಡಕ್ಕೆ ಏನು ಬೇಕಾದರೂ ಸೇರಿಸುವ ಹಕ್ಕು ಆ ಯಜಮಾನನಿಗೆ ಇದೆ. 'ಸರ್ವೀಸಸ್.ಜಿಎಸ್‌ಟಿ.ಗವ್.ಇನ್' ಅನ್ನುವುದು ಜಿಎಸ್‌ಟಿಯವರದ್ದೇ. ಆದರೆ 'ಜಿಎಸ್‌ಟಿ.ಗವ್.ಇನ್.ಬೇರೆಯಾವುದೋ.ಕಾಮ್' ಅಂತ ಇದ್ದರೆ ಅದು 'ಬೇರೆಯಾವುದೋ.ಕಾಮ್' ಅನ್ನುವವನ ಪುಟ, ಎಡಗಡೆ ಸರ್ಕಾರದ ಹೆಸರು ಎಷ್ಟೇ ಉದ್ದ ಇರಲಿ.

ಇಲ್ಲೊಂದು ತೊಡಕಿದೆ. ಬಲದಿಂದ ಎರಡು ತುಂಡು ಹೊಂದಿದರೆ ಸಾಕು ಅಂದರೆ ನಮ್ಮ ದೇಶದಲ್ಲಿ ಅನಾಹುತ ಆಗುತ್ತದೆ, ಯಾಕೆಂದರೆ 'ಗವ್.ಇನ್' ಅಂತ ಮುಗಿಯುವ ಎಲ್ಲ ಇಲಾಖೆಗಳೂ, 'ಕೋ.ಇನ್' ಅಂತ ಮುಗಿಯುವ ಎಲ್ಲ ಕಂಪನಿಗಳೂ ಒಬ್ಬರೇ ಆಗಿಬಿಡುತ್ತಾರೆ. ಅದಕ್ಕೇ 'ಪಬ್ಲಿಕ್ ಸಫಿಕ್ಸ್ ಲಿಸ್ಟ್' ಅನ್ನುವ ಒಂದು ಪಟ್ಟಿ ಇದೆ. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರು ಶುರು ಮಾಡಿದ್ದು. ಯಾವ ಬಾಲದ ಕೆಳಗೆ ಬೇರೆ ಬೇರೆ ಯಜಮಾನರು ಇರುತ್ತಾರೆ ಅಂತ ಅದರಲ್ಲಿ ಬರೆದಿದೆ. ಕೋ.ಇನ್, ಗವ್.ಇನ್ ಅಲ್ಲಿವೆ. ಬಳಕೆದಾರರಿಗೆ ಜಾಗ ಹಂಚುವ ಗಿಟ್‌ಹಬ್.ಐಓ ಕೂಡ ಇದೆ.

ಬಿಟ್‌ವಾರ್ಡನ್‌ನಂಥ ಮ್ಯಾನೇಜರ್‌ಗಳು ನೀವು ಆಯ್ಕೆ ಬದಲಾಯಿಸದಿದ್ದರೆ ಈ ಯಜಮಾನನ ಹೆಸರನ್ನಷ್ಟೇ ಹೋಲಿಸುತ್ತವೆ. ಕ್ರೋಮ್ ಸ್ವಲ್ಪ ಬಿಗಿ: ಎಡಗಡೆಯ ತುಂಡು ಬೇರೆ ಇದ್ದರೆ ಪಾಸ್‌ವರ್ಡ್ ತೋರಿಸುತ್ತದೆ, ಆದರೆ ನೀವು ಆರಿಸುವ ತನಕ ತುಂಬುವುದಿಲ್ಲ. ನನಗೆ ಈ ಬಿಗಿಯೇ ಇಷ್ಟ. ಹೋಟೆಲಿನ ಕಂಪ್ಯೂಟರ್ ಹತ್ತು ಜನ ಮುಟ್ಟುವಂಥದ್ದು, ಹಾಗಾಗಿ ಬ್ಯಾಂಕು ಮತ್ತು ತೆರಿಗೆಯ ದಾಖಲೆಗಳಿಗೆ ನೀವೂ 'ಪೂರ್ತಿ ವಿಳಾಸ ಹೊಂದಬೇಕು' ಅನ್ನುವ ಆಯ್ಕೆ ಹಾಕಿಕೊಳ್ಳಿ. ಪುಟ ತೆರೆದ ಕೂಡಲೇ ತುಂಬುವ ಆಯ್ಕೆ ಆನ್ ಇದ್ದರೆ ಆಫ್ ಮಾಡಿ. ಮ್ಯಾನೇಜರ್ ಕೂಡ ತಪ್ಪು ಓದಬಹುದು. 2016ರಲ್ಲಿ ಲಾಸ್ಟ್‌ಪಾಸ್ ಅನ್ನುವ ಮ್ಯಾನೇಜರ್‌ನ ಬ್ರೌಸರ್ ಎಕ್ಸ್‌ಟೆನ್ಷನ್‌ನಲ್ಲಿ ಅಂಥ ದೋಷ ಸಿಕ್ಕಿತ್ತು: ಓರೆಗೆರೆಯ ಆಚೆ 'ಟ್ವಿಟರ್.ಕಾಮ್' ಅಂತ ಬರೆದಿಟ್ಟ ಯಾವುದೋ ಪುಟವನ್ನು ಟ್ವಿಟರ್ ಅಂತಲೇ ತಿಳಿದು ಪಾಸ್‌ವರ್ಡ್ ತುಂಬಿಬಿಡುತ್ತಿತ್ತು. ಅದನ್ನು ಬೇಗ ಸರಿ ಮಾಡಿದರು, ಆದರೂ ತುಂಬುವ ಮುಂಚೆ ನಿಮ್ಮ ಒಂದು ಕ್ಲಿಕ್ ಇರಲಿ.

ಪ್ರಶ್ನೆ: ಬೇರೆ ಲಿಪಿಯ ಅಕ್ಷರ ಹಾಕಿ ವಿಳಾಸವನ್ನೇ ನಕಲು ಮಾಡುತ್ತಾರಂತೆ. ಕಣ್ಣಿಗೇ ಗೊತ್ತಾಗದಿದ್ದರೆ ಮ್ಯಾನೇಜರ್‌ಗೆ ಹೇಗೆ ಗೊತ್ತಾಗುತ್ತದೆ?
(ವಿದ್ಯಾರ್ಥಿನಿ, ಪುಣೆ)

ಉತ್ತರ: ಅದಕ್ಕೆ ಕಣ್ಣೇ ಇಲ್ಲವಲ್ಲ, ಅದೇ ಅನುಕೂಲ. ರಷ್ಯನ್ ಲಿಪಿಯ 'ಎ' ಇಂಗ್ಲಿಷಿನ 'ಎ' ಹಾಗೇ ಕಾಣುತ್ತದೆ, ಆದರೆ ಕಂಪ್ಯೂಟರಿಗೆ ಎರಡೂ ಬೇರೆ ಸಂಖ್ಯೆಗಳು. ಒಳಗಡೆ ಅಂಥ ವಿಳಾಸ 'ಎಕ್ಸ್‌ಎನ್' ಅಂತ ಶುರುವಾಗುವ ಬೇರೆಯೇ ರೂಪದಲ್ಲಿ ಇರುತ್ತದೆ. 2017ರಲ್ಲಿ ಒಬ್ಬ ಸಂಶೋಧಕ ಆಪಲ್ ಕಂಪನಿಯ ವಿಳಾಸವನ್ನೇ ಹೀಗೆ ರಷ್ಯನ್ ಅಕ್ಷರಗಳಲ್ಲಿ ಮಾಡಿ ತೋರಿಸಿದ ಮೇಲೆ ಕ್ರೋಮ್ ತನ್ನ ನಿಯಮ ಬಿಗಿ ಮಾಡಿತು. ಮ್ಯಾನೇಜರ್ ಇಲ್ಲಿ ಮನುಷ್ಯನಿಗಿಂತ ಜಾಸ್ತಿ ನಂಬಿಕಸ್ಥ. ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಅಥವಾ ಕಂಪ್ಯೂಟರಿನ ಬೀಗ ತೆಗೆದೇ ಲಾಗಿನ್ ಆಗುವ ವಿಧಾನ) ಇನ್ನೂ ಒಂದು ಹೆಜ್ಜೆ ಮುಂದೆ, ವಿಳಾಸ ಹೊಂದದಿದ್ದರೆ ಕೈಯಿಂದ ಕೊಡೋಣ ಅಂದರೂ ಕೊಡಲು ಏನೂ ಇರುವುದಿಲ್ಲ. ಸೌಲಭ್ಯ ಇರುವ ಕಡೆ ಅದನ್ನೇ ಹಾಕಿಕೊಳ್ಳಿ.

ಪ್ರಶ್ನೆ: ಬ್ರೌಸರ್‌ನಲ್ಲಿ ಬರುವ ಪಾಸ್‌ವರ್ಡ್ ಅದೇ ಕಂಪನಿಯ ಮೊಬೈಲ್ ಆ್ಯಪ್‌ನಲ್ಲಿ ಬರುವುದಿಲ್ಲ. ಆ್ಯಪ್ ನಕಲಿಯಾ?
(ಓದುಗರು, ವಾಸ್ಕೋ)

ಉತ್ತರ: ಹಾಗೇ ಅಂತ ಹೇಳಲಾಗದು. ಆ್ಯಪ್‌ಗೆ ವೆಬ್ ವಿಳಾಸ ಇರುವುದಿಲ್ಲ. 'ಈ ಆ್ಯಪ್ ನಮ್ಮದು' ಅಂತ ಕಂಪನಿ ತನ್ನ ವೆಬ್‌ಸೈಟಿನಲ್ಲಿ ಒಂದು ಸಣ್ಣ ಫೈಲ್ ಇಟ್ಟು ಘೋಷಿಸಬೇಕು. ಆ್ಯಂಡ್ರಾಯ್ಡ್‌ನಲ್ಲಿ ಗೂಗಲ್ ಅದನ್ನು ನೋಡಿಯೇ ಎರಡನ್ನೂ ಜೋಡಿಸುತ್ತದೆ. ಕೆಲವು ಕಂಪನಿಗಳು ಇದನ್ನು ಮಾಡಿಯೇ ಇರುವುದಿಲ್ಲ. ಆ್ಯಪ್ ಪ್ಲೇಸ್ಟೋರಿನಿಂದ ಬಂದದ್ದಾ, ಮಾಡಿದವರ ಹೆಸರು ಸರಿ ಇದೆಯಾ ನೋಡಿ. ಸರಿ ಇದ್ದರೆ ಮ್ಯಾನೇಜರ್‌ನಲ್ಲಿ ಆ ದಾಖಲೆಗೆ ಆ್ಯಪನ್ನು ನೀವೇ ಜೋಡಿಸಬಹುದು. ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಫೈಲಿನಿಂದ ಹಾಕಿಕೊಂಡದ್ದಾದರೆ ಏನೂ ಟೈಪ್ ಮಾಡದೆ ಈಗಲೇ ತೆಗೆದುಹಾಕಿ.