ಮಂಜು ಬೂದಿಯಾಗಿ ಬಂದರೆ

ಪ್ರಶ್ನೆ: ಆಗುಂಬೆಯ ಮಂಜನ್ನು ಕಪ್ಪು-ಬಿಳುಪು ರೀಲಿನಲ್ಲಿ ತೆಗೆದೆ. ಪ್ರಿಂಟಿನಲ್ಲಿ ಎಲ್ಲವೂ ಮಾಸಲು ಬೂದಿ. ತಪ್ಪೆಲ್ಲಿ?
ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕ್ಯಾಮೆರಾದ ಬೆಳಕಿನ ಮೀಟರನ್ನು ಪೂರ್ತಿ ನಂಬಿದ್ದೇ ತಪ್ಪು. ಬೆಳ್ಳನೆ ಮಂಜನ್ನೂ ಅದು ನಡುಬೂದಿಯೆಂದೇ ಲೆಕ್ಕ ಹಾಕುತ್ತದೆ. ಒಂದರಿಂದ ಒಂದೂವರೆ ಸ್ಟಾಪ್ ಹೆಚ್ಚು ಬೆಳಕು ಕೊಡಿ (ಒಂದು ಸ್ಟಾಪ್ ಹೆಚ್ಚೆಂದರೆ ಎರಡರಷ್ಟು ಬೆಳಕು). ಮೀಟರು 1/125 ಸೆಕೆಂಡಿನ ಶಟರ್ ವೇಗ ತೋರಿಸಿದರೆ 1/60 ಇಡಿ. ಚೌಕಟ್ಟಿನಲ್ಲಿ ಹತ್ತಿರದ್ದೊಂದು ಕಪ್ಪು ಬೇಕೇ ಬೇಕು: ಮಳೆಗೆ ನೆಂದು ಪಾಚಿಗಟ್ಟಿದ ಹಲಸಿನ ಕಾಂಡವಾದರೂ ಸರಿ. ಅದಿಲ್ಲದೆ ಮಂಜಿಗೆ ಆಳ ಬರುವುದಿಲ್ಲ. ಮಂಜು ತುಸು ತೆಳುವಾಗುವವರೆಗೆ ಕಾಯಿರಿ. ಹಿಂದಿನ ಅಡಿಕೆ ಮರಗಳು ಪದರ ಪದರವಾಗಿ ಕಾಣುವುದು ಆಗಲೇ. ಎಚ್‌ಪಿ5 ರೀಲನ್ನು ಡಿ-76 ಡೆವಲಪರ್ ದ್ರಾವಣದಲ್ಲಿ (1:1, ಅಂದರೆ ಅಷ್ಟೇ ನೀರು ಬೆರೆಸಿ, 20 ಡಿಗ್ರಿ ಸೆಲ್ಸಿಯಸ್) ಡೆವಲಪ್ ಮಾಡಲು ಸಾಮಾನ್ಯವಾಗಿ 11 ನಿಮಿಷ. ಮಂಜಿನ ರೀಲಿಗೆ 12-13 ಕೊಟ್ಟರೆ ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ಅಂತರ) ಏರುತ್ತದೆ. ಫ್ರಿಜ್‌ನಿಂದ ತೆಗೆದ ರೀಲಿನ ಡಬ್ಬಿಯನ್ನು ಒಂದು ಗಂಟೆ ಬಿಚ್ಚಬೇಡಿ, ತೇವ ಕೂರುತ್ತದೆ.